ಮೀಸಲು ತಂಡಕ್ಕೆ ಅಂಕ ಹಾಕುವುದು

ಮೆಲ್ಬರ್ನ್‌ನಲ್ಲಿ ಚಳಿಗಾಲದ ಸೋಮವಾರಗಳಲ್ಲಿ ಒಂದು ಬಗೆಯ ಬರಹ ಹುಟ್ಟುತ್ತದೆ. ಅದನ್ನು ಯಾರೂ ವಿಮರ್ಶೆ ಎಂದು ಕರೆಯುವುದಿಲ್ಲ. ವಾರಾಂತ್ಯದಲ್ಲಿ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲಿನ ಮೀಸಲು ತಂಡದ ಪಂದ್ಯ ಮುಗಿದಿರುತ್ತದೆ. ಒಬ್ಬ ಆಟಗಾರನ ಹೆಸರು, ಅದರ ಮುಂದೆ ನಾಲ್ಕೈದು ಅಂಕಿ, ಕೆಳಗೆ ಎರಡು ವಾಕ್ಯ. ಆಮೇಲೆ ಇನ್ನೊಂದು ಹೆಸರು. ಹೀಗೆ ಹತ್ತು ಹದಿನೈದು ಜನರ ಪಟ್ಟಿ. ಕ್ಲಬ್ಬುಗಳು ಇದನ್ನು ಕೋಚ್‌ನ ಟಿಪ್ಪಣಿಯೆಂದು ಪ್ರಕಟಿಸುತ್ತವೆ, ಅಭಿಮಾನಿಗಳು ತಮ್ಮದೇ ಪಟ್ಟಿ ಬರೆದು ಹಂಚುತ್ತಾರೆ. ನಾನು ಈ ಊರಿಗೆ ಪಿಎಚ್‌ಡಿಗೆಂದು ಬಂದವಳು. ಪತ್ರಿಕೆಗಳಲ್ಲಿ ಬರುವ ಪುಸ್ತಕ ವಿಮರ್ಶೆಯ ಭಾಷೆ ನನ್ನ ವಿಷಯ. ಆದರೂ ಎರಡು ವರ್ಷಗಳಿಂದ ನಾನು ತಪ್ಪದೆ ಓದುತ್ತಿರುವ ವಿಮರ್ಶೆಯೆಂದರೆ ಈ ಪಟ್ಟಿಗಳೇ. ಬಹುಪಾಲು ಇವು ಕೆಟ್ಟ ವಿಮರ್ಶೆ. ಆದರೆ ಇವುಗಳ ಕೆಡುಕು ನನಗೆ ಚೆನ್ನಾಗಿ ಪರಿಚಯವಿರುವ ಜಾತಿಯದು.

ಆಟ ಗೊತ್ತಿಲ್ಲದವರಿಗೆ ಒಂದಿಷ್ಟು ಹೇಳಿ ಮುಂದೆ ಹೋಗುತ್ತೇನೆ. ಇದು ಸಾಕರ್ ಅಲ್ಲ, ರಗ್ಬಿಯೂ ಅಲ್ಲ. ಇದರ ನಿಯಮಗಳನ್ನು ಮೊದಲು ಕಾಗದಕ್ಕಿಳಿಸಿದ್ದು 1859ರಲ್ಲಿ, ಮೆಲ್ಬರ್ನ್ ಫುಟ್‌ಬಾಲ್ ಕ್ಲಬ್ಬಿನವರು. ಕ್ರಿಕೆಟ್ ಆಡುವಂಥದೇ ಮೊಟ್ಟೆಯಾಕಾರದ ಮೈದಾನ, ಒಂದೊಂದು ಕಡೆಗೆ 18 ಜನ, ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ ಗೋಲ್, 6 ಅಂಕ. ಅಕ್ಕಪಕ್ಕದ ಸಂದಿಯಲ್ಲಿ ಹೋದರೆ ಬಿಹೈಂಡ್, 1 ಅಂಕ. ಚೆಂಡನ್ನು ಎಸೆಯುವಂತಿಲ್ಲ. ಒದೆಯಬೇಕು, ಇಲ್ಲವೇ ಒಂದು ಕೈಯಲ್ಲಿ ಹಿಡಿದು ಇನ್ನೊಂದು ಮುಷ್ಟಿಯಿಂದ ಗುದ್ದಬೇಕು, ಇದು ಹ್ಯಾಂಡ್‌ಬಾಲ್. ಕನಿಷ್ಠ 15 ಮೀಟರ್ ಹಾರಿ ಬಂದ ಒದೆತವನ್ನು ನೆಲ ಮುಟ್ಟುವ ಮೊದಲೇ ಹಿಡಿದರೆ ಮಾರ್ಕ್. ಹಿಡಿದವನು ಯಾರ ಕಾಟವೂ ಇಲ್ಲದೆ ನಿಂತು ಒದೆಯಬಹುದು. ಆಫ್‌ಸೈಡ್ ಎಂಬುದಿಲ್ಲ. ಒಂದೊಂದು ಕ್ವಾರ್ಟರಿಗೂ ತುದಿ ಬದಲು, ಹೀಗೆ ನಾಲ್ಕು ಕ್ವಾರ್ಟರ್.

ಮೇಲಿನ ಲೀಗಿಗೆ ಎಎಫ್ಎಲ್ ಎಂದು ಹೆಸರು. ಅಲ್ಲಿ ಒಂದು ಕ್ಲಬ್ಬಿನ ಪಟ್ಟಿಯಲ್ಲಿ ನಲವತ್ತರ ಆಸುಪಾಸು ಆಟಗಾರರಿರುತ್ತಾರೆ, ವಾರಕ್ಕೆ ಆಡುವವರು 23. ಉಳಿದವರಲ್ಲಿ ಗಾಯವಾಗದವರು, ವಿಕ್ಟೋರಿಯಾದ ಕ್ಲಬ್ಬಿನವರಾದರೆ, ವಿಎಫ್ಎಲ್ ಎಂಬ ಎರಡನೇ ಹಂತದಲ್ಲಿ ಆಡುತ್ತಾರೆ. ಹಿಂದೆ ಮೀಸಲು ತಂಡಗಳಿಗೆಂದೇ ಒಂದು ಪಂದ್ಯಾವಳಿಯಿತ್ತು, 1919ರಿಂದ 1999ರವರೆಗೆ ನಡೆಯಿತು. 2000ದಿಂದ ಈ ತಂಡಗಳು ಹಳೆಯ ಸ್ವತಂತ್ರ ಕ್ಲಬ್ಬುಗಳ ಜೊತೆ ಒಂದೇ ಲೀಗಿನಲ್ಲಿ ಸೇರಿಕೊಂಡವು. ಹಾಗಾಗಿ ಈಗ ಒಂದೇ ಪಂದ್ಯದಲ್ಲಿ ಆಟವೇ ಪೂರ್ಣಾವಧಿ ಉದ್ಯೋಗವಾಗಿರುವ ಹುಡುಗನ ಎದುರು, ವಾರವಿಡೀ ಪ್ಲಂಬಿಂಗ್ ಮಾಡಿಯೋ ಶಾಲೆಯಲ್ಲಿ ಪಾಠ ಹೇಳಿಯೋ ಸಂಜೆ ಅಭ್ಯಾಸಕ್ಕೆ ಬರುವವನು ನಿಂತಿರುತ್ತಾನೆ. ಸೋಮವಾರದ ಪಟ್ಟಿಗಳು ಈ ಸಂಗತಿಯನ್ನು ಮರೆತೇ ಬರೆಯಲ್ಪಡುತ್ತವೆ.

ಮೀಸಲು ತಂಡದ ಆಟವನ್ನು ಅಳೆಯುವುದು ಮೊದಲ ತಂಡದ ಆಟವನ್ನು ಅಳೆಯುವುದಕ್ಕಿಂತ ಕಷ್ಟ. ಮೇಲೆ ಗೆಲುವೆಂಬ ಅಳತೆಗೋಲಿದೆ. ಚೆನ್ನಾಗಿ ಕಂಡರೂ ತಂಡ ಸೋತರೆ ಯಾಕೆ ಎಂದು ಕೇಳಬಹುದು. ಕೆಳಗೆ, ಸ್ವತಂತ್ರ ಕ್ಲಬ್ಬಿಗೆ ಗೆಲುವು ಬೇಕು, ಮೀಸಲು ತಂಡಕ್ಕೆ ಬೇಕಾದದ್ದು ಮುಂದಿನ ವಾರ ಮೇಲೆ ಕಳಿಸಬಹುದಾದ ಒಬ್ಬನೋ ಇಬ್ಬರೋ. ಕೋಚ್ ಕೆಲವೊಮ್ಮೆ ಮುಂದಾಳನ್ನು ಬೇಕೆಂದೇ ಹಿಂದೆ ನಿಲ್ಲಿಸಿ ಕಲಿಸುತ್ತಾನೆ. ಗಾಯದಿಂದ ಎದ್ದು ಬಂದವನನ್ನು ಅರ್ಧ ಆಟಕ್ಕೇ ಕೂರಿಸುತ್ತಾನೆ. ಇದು ತಿಳಿಯದೆ ಅಂಕ ಹಾಕುವವನು ರಿಹರ್ಸಲ್ ನೋಡಿ ನಾಟಕದ ವಿಮರ್ಶೆ ಬರೆದ ಹಾಗೆ. ಆದರೆ ಈ ರಿಹರ್ಸಲ್ಲಿನ ಮೇಲೇ ಕೆಲವರ ಅನ್ನ ನಿಂತಿದೆ. ಹೊಸದಾಗಿ ಆಯ್ಕೆಯಾದ ಹುಡುಗನ ಮೊದಲ ಒಪ್ಪಂದ ಎರಡು ಮೂರು ವರ್ಷದ್ದು. ಅಷ್ಟರೊಳಗೆ ಮೇಲೆ ಹೋಗದಿದ್ದರೆ ಋತುವಿನ ಕೊನೆಗೆ ಪಟ್ಟಿಯಿಂದ ಹೆಸರು ಹೋಗುತ್ತದೆ.

ಹಾಗಾಗಿ ಈ ಋತುವಿನ ಒಂದು ಪಂದ್ಯವನ್ನು ತೆಗೆದುಕೊಂಡು, ಕೈಯಲ್ಲಿ ಪುಸ್ತಕ ಹಿಡಿದು, ನಾನೂ ಅಂಕ ಹಾಕಿ ನೋಡಿದೆ. ಒಂದು ಕಡೆ ಎಎಫ್ಎಲ್ ಕ್ಲಬ್ಬೊಂದರ ಮೀಸಲು ತಂಡ, ಇನ್ನೊಂದು ಕಡೆ ಸ್ವತಂತ್ರ ಕ್ಲಬ್. ಆಟಗಾರರ ಹೆಸರನ್ನಾಗಲಿ ತಂಡಗಳ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಹತ್ತೊಂಬತ್ತು ವರ್ಷದವನೊಬ್ಬನ ಒಂದು ಮಧ್ಯಾಹ್ನದ ಬಗ್ಗೆ ನಾನು ಬರೆದ ಎರಡು ಸಾಲು, ಅವನು ಆಟ ಬಿಟ್ಟು ಬೇರೆ ಕೆಲಸ ಹಿಡಿದ ಮೇಲೂ ಅವನ ಹೆಸರು ಹುಡುಕಿದವರಿಗೆ ಸಿಗುತ್ತಿರಬೇಕಾಗಿಲ್ಲ. ಹೆಸರು ಬಿಟ್ಟರೆ ಹೊಗಳಿಕೆಯೂ ಅವನಿಗೆ ತಲುಪುವುದಿಲ್ಲ ಎಂಬುದು ನಿಜ. ಆ ನಷ್ಟ ಚಿಕ್ಕದು.

ಮೊದಲು ಆ ದಿನ ಎಲ್ಲರ ಬಾಯಲ್ಲಿದ್ದ ಮಿಡ್‌ಫೀಲ್ಡರ್. ಮೇಲಿನ ತಂಡದಲ್ಲಿ ನೂರರ ಹತ್ತಿರ ಪಂದ್ಯ ಆಡಿದವನು, ಹಿಂದಿನ ವಾರ ಕೈಬಿಟ್ಟಿದ್ದರು. ನನ್ನ ಲೆಕ್ಕದಲ್ಲಿ 12 ಒದೆತ, 19 ಹ್ಯಾಂಡ್‌ಬಾಲ್, 4 ಮಾರ್ಕ್, 2 ಟ್ಯಾಕಲ್. ಚೆಂಡು ಸಿಕ್ಕಿ ಮುಂದೆ ಸಾಗಿಸಿದ್ದಕ್ಕೆ ಇಲ್ಲಿನವರು ಡಿಸ್ಪೋಸಲ್ ಎನ್ನುತ್ತಾರೆ. ಒಟ್ಟು 31, ಯಾವ ಪಟ್ಟಿಯಲ್ಲೂ ತಲೆಯ ಮೇಲೆ ಕೂರುವ ಸಂಖ್ಯೆ. ಆದರೆ ಆ 19 ಹ್ಯಾಂಡ್‌ಬಾಲುಗಳನ್ನು ಒಂದೊಂದಾಗಿ ನೋಡಿ. ಅರ್ಧಕ್ಕಿಂತ ಹೆಚ್ಚು, ಗುಂಪಿನ ಹೊರಗೆ ನಿಂತು ಪಡೆದು, ಪಕ್ಕದಲ್ಲಿ ತನಗಿಂತ ಇಕ್ಕಟ್ಟಿನಲ್ಲಿದ್ದವನಿಗೆ ದಾಟಿಸಿದವು. ಜವಾಬ್ದಾರಿ ದಾಟಿಸುವುದೆಂದರೆ ಇದೇ. ಎರಡನೇ ಕ್ವಾರ್ಟರಿನಲ್ಲಿ ಗಾಳಿ ಅವರ ಬೆನ್ನಿಗಿತ್ತು. ಆಗ ಒದ್ದು ಚೆಂಡನ್ನು ಗೋಲಿನ ಬಾಯಿಗೆ ಹಾಕಬೇಕಿತ್ತು. ಆತ ಚಿಕ್ಕದಾಗಿ ಆಡಿ ಆಡಿ ಗಾಳಿಯನ್ನು ವ್ಯರ್ಥ ಮಾಡಿದ. ಅದಕ್ಕಿಂತ ಮುಖ್ಯವಾದದ್ದು ಚೆಂಡು ಕೈತಪ್ಪಿದ ಮೇಲಿನ ಓಟ. ಎದುರಾಳಿ ಚೆಂಡು ಕಸಿದು ಹೊರಟಾಗ ಮೂರು ಸಲ ಆತ ನಡೆಯುತ್ತಿದ್ದ. ಓಡಲಿಲ್ಲ, ನಡೆಯುತ್ತಿದ್ದ. ಹಾಗೆ ಬಿಟ್ಟುಕೊಟ್ಟ ದಾರಿಯಲ್ಲಿ ಎರಡು ಗೋಲ್ ಬಂದವು. ಕೈಬಿಟ್ಟಿದ್ದು ಬಹುಶಃ ಇದಕ್ಕೇ. ಕೆಳಗೆ ಕಳಿಸಿದ್ದೂ ಇದನ್ನು ತಿದ್ದಿಕೊಳ್ಳಲಿ ಎಂದೇ ಇರಬೇಕು. 31 ಸಲ ಚೆಂಡು ಮುಟ್ಟಿದ್ದು ಆ ಪ್ರಶ್ನೆಗೆ ಉತ್ತರವಲ್ಲ, ಗೊತ್ತಿದ್ದ ಬೇರೆ ಪ್ರಶ್ನೆಯ ಉತ್ತರವನ್ನು ಅಡಿಷನಲ್ ಹಾಳೆ ತೆಗೆದುಕೊಂಡು ಬರೆದು ಬಂದಂತೆ.

ರಕ್ ಆಟಗಾರನ ವಿಷಯ ಬೇಗ ಮುಗಿಸಬಹುದು. ಅಂಪೈರ್ ಚೆಂಡನ್ನು ಮೇಲಕ್ಕೆ ಎಸೆದಾಗ ಎರಡೂ ಕಡೆಯ ಎತ್ತರದವರು ಹಾರಿ ಅದನ್ನು ತಮ್ಮವರಿಗೆ ತಟ್ಟುತ್ತಾರೆ, ತಟ್ಟಿದರೆ ಹಿಟ್‌ಔಟ್. ಮೀಸಲು ತಂಡದವನು 38 ತಟ್ಟಿದ. ಅವುಗಳಲ್ಲಿ ತನ್ನವರ ಕೈಸೇರಿದ್ದು ನಾನು ಎಣಿಸಿದಂತೆ 9. ಉಳಿದವು ಎದುರಾಳಿಯ ಕಾಲಬುಡಕ್ಕೆ. ಎತ್ತರ ಅವನದು, ಲಾಭ ಅವರದು.

ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಮುಂದಿನ ಸಾಲಿನ ಎತ್ತರದ ಹುಡುಗನ ಹತ್ತಿರ. ವಯಸ್ಸು 19, ಮೊದಲ ಒಪ್ಪಂದದ ಎರಡನೇ ವರ್ಷ. 4 ಒದೆತ, 1 ಹ್ಯಾಂಡ್‌ಬಾಲ್, 2 ಮಾರ್ಕ್, 1 ಟ್ಯಾಕಲ್, 1 ಬಿಹೈಂಡ್, ಗೋಲ್ ಸೊನ್ನೆ. ಇಂಥವನಿಗೆ ಸೋಮವಾರದ ಪಟ್ಟಿಯಲ್ಲಿ ಸಿಗುವ ಎರಡು ವಾಕ್ಯ ಯಾವುವೆಂದು ನಾನು ಓದದೆಯೇ ಹೇಳಬಲ್ಲೆ: ಆತನಿಗೆ ಇಂದು ಕಠಿಣ ದಿನ, ಆದರೆ ಪ್ರಯತ್ನ ಬಿಡಲಿಲ್ಲ. ಮೈದಾನದಲ್ಲಿ ನಡೆದದ್ದು ಬೇರೆ. ಮೊದಲ ಮತ್ತು ಮೂರನೇ ಕ್ವಾರ್ಟರಿನಲ್ಲಿ ಅವರು ಗಾಳಿಗೆದುರು ಆಡಬೇಕಿತ್ತು. ಗಾಳಿಗೆದುರು ಒದ್ದ ಚೆಂಡು ತೇಲಿ ನಿಲ್ಲುತ್ತದೆ; ಕಾದು ನಿಂತ ರಕ್ಷಕನಿಗೆ ಅದು ಹಬ್ಬ. ಈ ಹುಡುಗ ಗೋಲಿನ ಮುಂದೆ ಕಾಯಲಿಲ್ಲ. ಮತ್ತೆ ಮತ್ತೆ ಅಂಚಿನ ಕಡೆಗೆ ಓಡಿದ. ಎದುರಾಳಿಯ ಅತ್ಯುತ್ತಮ ರಕ್ಷಕ ಅವನ ಹಿಂದೆಯೇ ಹೋಗಬೇಕಾಯಿತು. ಹೀಗೆ ಖಾಲಿಯಾದ ನಡುವಿನ ಜಾಗಕ್ಕೆ ಚಿಕ್ಕ ಆಟಗಾರನೊಬ್ಬ ನುಗ್ಗಿ ಮೂರು ಗೋಲ್ ಹೊಡೆದ, ಚಪ್ಪಾಳೆಯೂ ಅವನಿಗೇ ಹೋಯಿತು. ಗುಂಪಿನ ಮೇಲೆ ಎತ್ತರದ ಚೆಂಡು ಬಂದಾಗಲೂ ಹುಡುಗನದು ಒಂದೇ ಹಟ: ತನಗೆ ಸಿಗದಿದ್ದರೂ ಸರಿ, ಎದುರಾಳಿಗೆ ಮಾರ್ಕ್ ಸಿಗಬಾರದು. ಹನ್ನೊಂದು ಸಲ ಚೆಂಡನ್ನು ನೆಲಕ್ಕೆ ಬೀಳಿಸಿದ. ಆ ಬೀಳಿಸುವಿಕೆಗೆ ಅವನ ಹೆಸರಿನ ಮುಂದೆ ಯಾವ ಅಂಕಿಯೂ ಏರಲಿಲ್ಲ.

ದೋಷವಿಲ್ಲವೆಂದಲ್ಲ. ಚೆಂಡು ನೆಲಕ್ಕೆ ಬಿದ್ದ ಮೇಲೆ ಆತ ನಿಂತುಬಿಡುತ್ತಾನೆ, ತನ್ನ ಪಾಲು ಮುಗಿಯಿತು ಎಂಬಂತೆ. ಎರಡನೇ ಸಲ ಬಾಗಬೇಕು, ಇನ್ನೊಬ್ಬನನ್ನು ತಡೆಯಬೇಕು. ಮೇಲಿನ ಹಂತದಲ್ಲಿ ಆ ಎರಡು ಸೆಕೆಂಡಿನ ಒಳಗೆ ಚೆಂಡು ಮೈದಾನದ ಆ ತುದಿಯಲ್ಲಿರುತ್ತದೆ. ಗೋಲಿಗೆ ಗುರಿಯಿಟ್ಟು ಒದೆಯುವಾಗ ಚೆಂಡನ್ನು ಕೈಯಿಂದ ತುಂಬ ಎತ್ತರದಲ್ಲಿ ಬಿಡುತ್ತಾನೆ. ಗಾಳಿ ಅದನ್ನು ಕಾಲಿಗೆ ತಾಗುವ ಮೊದಲೇ ಓರೆ ಮಾಡುತ್ತದೆ. ಅವನ ಒಂದು ಬಿಹೈಂಡ್ ಹಾಗೆ ಆದದ್ದು. ಇವನ್ನು ಹೇಳಬೇಕು. 'ಪ್ರಯತ್ನ ಬಿಡಲಿಲ್ಲ' ಎಂಬ ಮಾತು ಅವನ ಗುಣವನ್ನೂ ಹೇಳುವುದಿಲ್ಲ, ದೋಷವನ್ನೂ ಹೇಳುವುದಿಲ್ಲ.

ಈ ಭಾಷೆ ನನಗೆ ಮನೆಯ ಭಾಷೆ. ಕನ್ನಡದಲ್ಲಿ ಮೊದಲ ಕವನ ಸಂಕಲನಕ್ಕೆ ಬರುವ ವಿಮರ್ಶೆಗಳನ್ನು ರಾಶಿ ಹಾಕಿಕೊಂಡು ಕೂತವಳು ನಾನು. 'ಭರವಸೆ ಮೂಡಿಸುವ ಕವಿ', 'ಇನ್ನಷ್ಟು ಮಾಗಬೇಕಿದೆ', 'ಮುಂದಿನ ಸಂಕಲನಕ್ಕೆ ಕಾಯೋಣ'. ಇವನ್ನು ಬರೆದವರು ಕೆಟ್ಟವರಲ್ಲ. ಹೊಸಬನಿಗೆ ನೋವಾಗಬಾರದೆಂಬ ಒಳ್ಳೆಯತನ ಅದರಲ್ಲಿದೆ. ಆದರೆ ಯಾವ ಸಾಲು ನಿಂತಿದೆ, ಯಾವುದು ಕುಸಿದಿದೆ ಎಂದು ತೋರಿಸದ ಒಳ್ಳೆಯತನದಿಂದ ಹೊಸ ಕವಿಗೆ ಏನು ಸಿಕ್ಕಿತು? ಕ್ಲಬ್ಬಿನ ಕೋಚ್ ತನ್ನ ಟಿಪ್ಪಣಿಯಲ್ಲಿ ಮೃದುವಾಗಿರಲು ಕಾರಣವಿದೆ. ಕಟುವಾದದ್ದನ್ನು ಆತ ಕೋಣೆಯೊಳಗೆ ವಿಡಿಯೋ ಹಾಕಿ ತೋರಿಸಿರುತ್ತಾನೆ. ನಮ್ಮ ಪುಸ್ತಕ ವಿಮರ್ಶಕನಿಗೆ ಅಂಥ ಒಳಕೋಣೆಯಿಲ್ಲ. ಇನ್ನು ಅಭಿಮಾನಿಯ ಪಟ್ಟಿ ಇದಕ್ಕೆ ತಿರುಗುಮುರುಗು. 'ಇವನು ನಮ್ಮ ಮಟ್ಟದವನಲ್ಲ, ಕಳಿಸಿಬಿಡಿ' ಎಂಬ ಒಂದೇ ವಾಕ್ಯ. ಮೊದಲನೆಯದು ನೋಡಿಯೂ ಹೇಳುವುದಿಲ್ಲ, ಎರಡನೆಯದು ನೋಡದೆಯೇ ಹೇಳುತ್ತದೆ.

ಸಂಖ್ಯೆಗಳ ಮೇಲೆ ನನಗೆ ದ್ವೇಷವಿಲ್ಲ. ಈ ಆಟದಲ್ಲಿ ಅವುಗಳ ಕಥೆ ಸ್ವಾರಸ್ಯವಾಗಿದೆ. ಎಎಫ್ಎಲ್‌ನ ಅಂಕಿಅಂಶ ಒದಗಿಸುವ ಚಾಂಪಿಯನ್ ಡೇಟಾ ಸಂಸ್ಥೆಯನ್ನು 1990ರ ದಶಕದಲ್ಲಿ ಕಟ್ಟಿದವರಲ್ಲಿ ಮುಖ್ಯನಾದವನು ಟೆಡ್ ಹಾಪ್ಕಿನ್ಸ್. ಅವನು ಕವಿ ಕೂಡ. 1970ರ ಗ್ರ್ಯಾಂಡ್ ಫೈನಲ್‌ನಲ್ಲಿ ಅವನು ಕಾರ್ಲ್ಟನ್ ತಂಡದ ಬೆಂಚಿನ ಮೇಲೆ ಕೂತಿದ್ದ ಬದಲಿ ಆಟಗಾರ. ಅರ್ಧ ಆಟಕ್ಕೆ ಕಾರ್ಲ್ಟನ್ 44 ಅಂಕ ಹಿಂದಿತ್ತು. ಆಗ ಒಳಗೆ ಬಂದವನು ನಾಲ್ಕು ಗೋಲ್ ಹೊಡೆದ. ಕಾಲಿಂಗ್‌ವುಡ್ ಎದುರು ಕಾರ್ಲ್ಟನ್ 10 ಅಂಕಗಳಿಂದ ಗೆದ್ದಿತು. ನೋಡಲು ಬಂದಿದ್ದವರು 1,21,696 ಜನ. ಮುಂದಿನ ವರ್ಷವೇ ಅವನು ಆ ಮಟ್ಟದ ಆಟ ಬಿಟ್ಟ. ಒಟ್ಟು ಆಡಿದ್ದು 29 ಪಂದ್ಯ. ಇಂಥವನು ಎಣಿಕೆಗೆ ಇಳಿದದ್ದು ನನಗೆ ಆಶ್ಚರ್ಯವೆನಿಸುವುದಿಲ್ಲ. ಬೆಂಚಿನ ಮೇಲೆ ಕೂತವನಿಗೆ, ಹೆಸರಿನ ಬಲದ ಮೇಲೆ ಆಡುವವರ ನಿಜವಾದ ಲೆಕ್ಕ ಯಾರಾದರೂ ಇಡಲಿ ಎನ್ನಿಸದೆ ಇರುತ್ತದೆಯೇ? ಇದು ನನ್ನ ಊಹೆ.

ಆದರೆ ಜನ ಬಳಸುವ ಲೆಕ್ಕ ಬೇರೆ. ಎಎಫ್ಎಲ್ ಫ್ಯಾಂಟಸಿ ಎಂಬ ಜನಪ್ರಿಯ ಆಟವಿದೆ. ಅದರಲ್ಲಿ ಒದೆತಕ್ಕೆ 3, ಹ್ಯಾಂಡ್‌ಬಾಲಿಗೆ 2, ಮಾರ್ಕಿಗೆ 3, ಟ್ಯಾಕಲಿಗೆ 4, ಹಿಟ್‌ಔಟಿಗೆ 1, ಗೋಲಿಗೆ 6, ಬಿಹೈಂಡಿಗೆ 1. ಈ ಅಳತೆಯನ್ನು ನನ್ನ ಪಂದ್ಯಕ್ಕೆ ಹಾಕಿದರೆ ಮಿಡ್‌ಫೀಲ್ಡರ್‌ಗೆ 94, ಎತ್ತರದ ಹುಡುಗನಿಗೆ 25. ಪಕ್ಕದವನಿಗೆ ಹೊರೆ ದಾಟಿಸಿದ ಹ್ಯಾಂಡ್‌ಬಾಲಿಗೂ, ಮೂವರು ಮೈಮೇಲೆ ಬಿದ್ದಾಗ ಅವರ ಕಾಲಡಿಯಿಂದ ಹೊರಗೆ ಕಳಿಸಿದ್ದಕ್ಕೂ ಬೆಲೆ ಒಂದೇ, 2. ತಮಾಷೆಗೆಂದು ಮಾಡಿದ ಆ ಲೆಕ್ಕದ ತಪ್ಪೇನಿಲ್ಲ. ಅದನ್ನು ಓದಿ ಅಭ್ಯಾಸವಾದ ಕಣ್ಣು ಮೈದಾನದಲ್ಲೂ ಅದನ್ನೇ ನೋಡುತ್ತದೆ ಎಂಬುದು ನನ್ನ ದೂರು. ಎರಡು ಗಂಟೆಯಲ್ಲಿ ಚೆಂಡು ಒಬ್ಬನ ಕೈಯಲ್ಲಿರುವುದು ಹೆಚ್ಚೆಂದರೆ ಒಂದೆರಡು ನಿಮಿಷ. ಉಳಿದ ಹೊತ್ತೆಲ್ಲ ಆತ ಎಲ್ಲಿ ನಿಂತಿದ್ದ, ಯಾವ ಕಡೆ ಓಡಿದ, ಯಾರನ್ನು ಎಲ್ಲಿಗೆ ಎಳೆದೊಯ್ದ ಎಂಬುದೇ ಆಟ.

ಅಂಪೈರ್‌ಗಳೂ ಇದರಿಂದ ಹೊರತಲ್ಲ. ಎಎಫ್ಎಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ರೌನ್‌ಲೋ ಪದಕಕ್ಕೆ ಪ್ರತಿ ಪಂದ್ಯದ ನಂತರ ಅಂಪೈರ್‌ಗಳು 3, 2, 1 ಎಂದು ಮತ ಹಾಕುತ್ತಾರೆ. ಅವರು ಓಡುವುದು ಚೆಂಡಿನ ಜೊತೆ, ಹಾಗಾಗಿ ಚೆಂಡಿನ ಹತ್ತಿರ ಇರುವ ಮಿಡ್‌ಫೀಲ್ಡರ್‌ಗಳೇ ಈ ಪದಕ ಗೆಲ್ಲುವುದು ವಾಡಿಕೆಯಾಗಿದೆ. ಮೀಸಲು ತಂಡಗಳಿಗೂ ಇಂಥದೊಂದು ಪದಕವಿತ್ತು, ಗಾರ್ಡಿನರ್ ಪದಕ. 1926ರಲ್ಲಿ ಶುರುವಾಗಿ 1999ರಲ್ಲಿ ಆ ಪಂದ್ಯಾವಳಿಯ ಜೊತೆಗೇ ನಿಂತಿತು. ಆ ಪದಕದ ವಿಚಿತ್ರ ನೋಡಿ: ಅದನ್ನು ಗೆಲ್ಲಬೇಕಾದರೆ ಋತುವಿನುದ್ದಕ್ಕೂ ಚೆನ್ನಾಗಿ ಆಡಬೇಕು, ಆದರೆ ಮೇಲೆ ಕರೆಸಿಕೊಳ್ಳುವಷ್ಟು ಚೆನ್ನಾಗಿ ಆಡಬಾರದು. ಗೆದ್ದವನು ಕೊರಳಿಗೆ ಹಾಕಿಕೊಂಡದ್ದು ಸನ್ಮಾನವೋ ಸಮಾಧಾನವೋ.

ಕೆಳಗಿನ ಹಂತದ ಆಟವನ್ನು ಸರಿಯಾಗಿ ನೋಡಿದ ಬರಹಗಳು ಇಲ್ಲದಿಲ್ಲ. ಹೆಲೆನ್ ಗಾರ್ನರ್ 2024ರಲ್ಲಿ 'ದಿ ಸೀಸನ್' ಎಂಬ ಪುಸ್ತಕ ಬರೆದರು. ತಮ್ಮ ಮೊಮ್ಮಗ ಆಡುವ 16 ವರ್ಷದೊಳಗಿನ ತಂಡದ ಒಂದು ಋತು ಅದು. ಎಂಬತ್ತು ದಾಟಿದ ಅಜ್ಜಿ ಅಭ್ಯಾಸದ ಸಂಜೆಗಳಲ್ಲೂ ಮೈದಾನದ ಅಂಚಿನಲ್ಲಿ ನಿಂತು ನೋಡುತ್ತಾರೆ. ಅವರು ಯಾರಿಗೂ ಅಂಕ ಹಾಕುವುದಿಲ್ಲ, ಅಜ್ಜಿಗೆ ಆ ಸ್ವಾತಂತ್ರ್ಯವಿದೆ. ಆದರೆ ಅಂಕ ಹಾಕಲೇಬೇಕಾದ ಕಡೆ, ಆಯ್ಕೆ ನಡೆಯುವ ಕಡೆ, ಅಷ್ಟೇ ಹತ್ತಿರದ ನೋಟ ಹೇಗೆ ಉಳಿಸಿಕೊಳ್ಳುವುದು ಎಂಬ ಪ್ರಶ್ನೆಗೆ ಆ ಪುಸ್ತಕದಲ್ಲಿ ಉತ್ತರ ಹುಡುಕುವುದು ತಪ್ಪಾಗುತ್ತದೆ.

ನನ್ನ ಪಟ್ಟಿಯಲ್ಲಿ ಇನ್ನೊಬ್ಬನಿದ್ದಾನೆ, ಸ್ವತಂತ್ರ ಕ್ಲಬ್ಬಿನ ಬ್ಯಾಕ್ ಪಾಕೆಟ್. ಗೋಲಿನ ಪಕ್ಕದ ಮೂಲೆಯಲ್ಲಿ ನಿಲ್ಲುವ ರಕ್ಷಕ. ಮೂವತ್ತರ ಹತ್ತಿರದವನು, ಕಟ್ಟುಮಸ್ತಾದ ಗಿಡ್ಡ ಆಳು. ವಾರದ ದಿನಗಳಲ್ಲಿ ಪ್ಲಂಬರ್ ಎಂದು ನನ್ನ ಪಕ್ಕ ನಿಂತಿದ್ದ, ಆ ಕ್ಲಬ್ಬಿನ ಹಳೆಯ ಅಭಿಮಾನಿಯೊಬ್ಬರು ಹೇಳಿದರು. 7 ಒದೆತ, 3 ಹ್ಯಾಂಡ್‌ಬಾಲ್, 3 ಮಾರ್ಕ್, 3 ಟ್ಯಾಕಲ್. ಫ್ಯಾಂಟಸಿ ಲೆಕ್ಕದಲ್ಲಿ 48. ಅವನಿಗೆ ವಹಿಸಿದ್ದು ಮೀಸಲು ತಂಡದ ವೇಗದ ಮುಂದಾಳೊಬ್ಬನನ್ನು, ಮೇಲಿನ ತಂಡಕ್ಕೆ ಹೋಗಿ ಬಂದವನನ್ನು. ಓಟದಲ್ಲಿ ಇವನಿಗೂ ಅವನಿಗೂ ಸಾಟಿಯೇ ಇರಲಿಲ್ಲ. ಇವನು ಓಟಕ್ಕೆ ಇಳಿಯಲೇ ಇಲ್ಲ. ಯಾವಾಗಲೂ ಗೋಲಿಗೂ ಅವನಿಗೂ ನಡುವೆ ಒಂದು ತೋಳಿನ ದೂರ. ಅವನು ಹೊರಡುವ ಕ್ಷಣಕ್ಕೆ ಭುಜ ತಾಗಿಸಿ, ಅಂಪೈರ್ ಸೀಟಿ ಊದುವಷ್ಟಲ್ಲ, ಹೆಜ್ಜೆ ತಪ್ಪುವಷ್ಟು ಮಾತ್ರ. ಆ ಮುಂದಾಳು ಇಡೀ ಪಂದ್ಯದಲ್ಲಿ ಚೆಂಡು ಮುಟ್ಟಿದ್ದು ಆರು ಸಲ. ಮೂರನೇ ಕ್ವಾರ್ಟರಿನಿಂದ ಅವನು ತನ್ನ ಜಾಗ ಬಿಟ್ಟು ಮೈದಾನದ ನಡುವಿಗೆ ಬಂದು ಚೆಂಡು ಹುಡುಕತೊಡಗಿದ.

ಇನ್ನೊಂದು ಗಳಿಗೆ. ಕೊನೆಯ ಕ್ವಾರ್ಟರಿನಲ್ಲಿ ಗಾಳಿ ಮೀಸಲು ತಂಡದ ಬೆನ್ನಿಗಿದ್ದಾಗ, ಉದ್ದನೆಯ ಒದೆತವೊಂದು ಗೋಲಿನ ಬಾಯಿಗೆ ಬಂತು. ಹಿಡಿಯಲು ನಾಲ್ವರು ಹಾರಿದರು. ಇವನು ಹಾರಲಿಲ್ಲ. ಚೆಂಡು ಎಲ್ಲಿ ಬೀಳುತ್ತದೆಂದು ಆಗಲೇ ಲೆಕ್ಕ ಹಾಕಿದ್ದವನಂತೆ ಎರಡು ಹೆಜ್ಜೆ ಹಿಂದೆ ಬಂದು ನಿಂತ. ಮೊಟ್ಟೆಯಾಕಾರದ ಚೆಂಡು ಯಾರ ಮಾತನ್ನೂ ಕೇಳುವುದಿಲ್ಲ, ಆದರೂ ಪುಟಿದು ಇವನ ಎದೆಗೇ ಬಂತು. ತಬ್ಬಿಕೊಂಡು ಅಂಚಿನ ಕಡೆ ಒದ್ದ. ಅವನ ಲೆಕ್ಕಕ್ಕೆ ಒಂದು ಒದೆತ, 3 ಅಂಕ.

ಇವನ ಹೆಸರು ಸೋಮವಾರದ ಯಾವ ದೊಡ್ಡ ಪಟ್ಟಿಯಲ್ಲೂ ಬರಲಿಲ್ಲ. ಬರಲು ದಾರಿಯೇ ಇಲ್ಲ, ಆ ಪಟ್ಟಿಗಳು ಎಎಫ್ಎಲ್ ಒಪ್ಪಂದ ಇದ್ದವರ ಬಗ್ಗೆ ಮಾತ್ರ. ಈ ಪ್ರಕಾರದ ಬರಹದ ದೊಡ್ಡ ಕೊರತೆ ನನ್ನ ಮಟ್ಟಿಗೆ ಇದು: ಎದುರಾಳಿಯೇ ಇಲ್ಲದ ವಿಮರ್ಶೆ. ಆ ಮುಂದಾಳಿನ ಬಗ್ಗೆ ಅವರು ಬರೆದದ್ದು 'ಇಂದು ಮಂಕಾಗಿದ್ದ' ಎಂದು. ತಾನೇ ತಾನಾಗಿ ಮಂಕಾದ ಹಾಗೆ. ಅವನನ್ನು ಮಂಕಾಗಿಸಿದವನನ್ನು ಕಾಣದಿದ್ದರೆ ಅವನ ಆಟವೂ ಅರ್ಥವಾಗುವುದಿಲ್ಲ. ಮೇಲಿನ ತಂಡದಲ್ಲೂ ಇಂಥ ಗಿಡ್ಡ ಹಠಮಾರಿಗಳು ಸಿಗುತ್ತಾರೆ, ಆಗ ಏನು ಮಾಡುತ್ತಾನೆ ಎಂಬ ಮುಖ್ಯ ಪ್ರಶ್ನೆ ಏಳುವುದೇ ಇಲ್ಲ.

ಅಂಪೈರ್‌ಗಳ ಕ್ರಮದಲ್ಲಿ ನನ್ನ ಮತ ಹೀಗೆ. 3 ಆ ಬ್ಯಾಕ್ ಪಾಕೆಟ್‌ಗೆ. 2 ಎತ್ತರದ ಹುಡುಗನಿಗೆ, ಎರಡನೇ ಸಲ ಬಾಗಿದ್ದರೆ ಕ್ರಮ ತಿರುಗುತ್ತಿತ್ತು. 1 ಮೂರು ಗೋಲ್ ಹೊಡೆದ ಚಿಕ್ಕವನಿಗೆ. ಜಾಗ ಬೇರೆಯವನು ಮಾಡಿಕೊಟ್ಟದ್ದಾದರೂ ಅಲ್ಲಿಗೆ ಸರಿಯಾದ ಹೊತ್ತಿಗೆ ತಲುಪಿದವನು ಇವನೇ. 31 ಸಲ ಚೆಂಡು ಮುಟ್ಟಿದವನಿಗೆ ಏನೂ ಇಲ್ಲ. ಮುಂದಿನ ಶನಿವಾರ ಅವನನ್ನು ಮೇಲಿನ ತಂಡಕ್ಕೆ ವಾಪಸ್ ತೆಗೆದುಕೊಂಡರು.